ಮಾವನವರು ಮತ್ತು ಮಿಣುಕು ದೀಪ

ಮೊನ್ನೆ ರಾತ್ರಿ ಒಂಬತ್ತನೇ ತರಗತಿಯ ಹಳೇ ಪ್ರಶ್ನೆಪತ್ರಿಕೆ ಹುಡುಕೋಣವೆಂದು ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಎಂದಿನಂತೆ ಮೂಲೆಯಿಂದ ಚೀಟಿ ಜಾರಿ ಬಂತು: ‘ಈ ಡ್ರೈವ್‌ನಲ್ಲಿ ಸಮಸ್ಯೆ ಇದೆ. ಸ್ಕ್ಯಾನ್ ಮಾಡಿ ಸರಿಪಡಿಸಿ.’ ಆರು ತಿಂಗಳ ಹಳೇ ಪರಿಚಯ ನಮ್ಮದು. ಮೊದಮೊದಲು ಗಾಬರಿಬಿದ್ದು ಸ್ಕ್ಯಾನ್ ಮಾಡಿಸುತ್ತಿದ್ದೆ. ಒಂದೇ ನಿಮಿಷಕ್ಕೆ ‘ಯಾವ ದೋಷವೂ ಇಲ್ಲ’ ಅನ್ನುತ್ತಿತ್ತು. ಮರುದಿನ ಮತ್ತೆ ಅದೇ ಚೀಟಿ. ಆಮೇಲಾಮೇಲೆ ಕಿರಾಣಿ ಅಂಗಡಿಯ ಉದ್ರಿ ಚೀಟಿಯಂತೆ ನೋಡಿಯೂ ನೋಡದ ಹಾಗೆ ಮುಚ್ಚುವುದು ರೂಢಿಯಾಯಿತು.

ಮೊನ್ನೆ ಅದನ್ನು ಮುಚ್ಚಿದ್ದೇ ತಡ, ಪರದೆಯ ನಟ್ಟನಡುವೆ ಇನ್ನೊಂದು ಬಂದು ನಿಂತಿತು: ‘ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?’ ಅಂದರೆ ಒಳಗಿದ್ದುದನ್ನೆಲ್ಲ ಅಳಿಸಲೇ ಎಂದು. ನೆಗಡಿ ಬಂತೆಂದು ಮೂಗು ಕೊಯ್ಯುವುದೆಂದರೆ ಇದೇ. ಅದೂ ಎಷ್ಟು ವಿನಯದಿಂದ ಕೇಳುತ್ತದೆ ಅಂತೀರಿ!

ಹಾಸಿಗೆಯಿಂದ ಯಜಮಾನರ ದನಿ: “ಬ್ಯಾಕಪ್ ಇಟ್ಟಿಲ್ಲೇನು?”

ಫೋನ್ ತುಂಬಿತೆಂದು ಎಲ್ಲವನ್ನೂ ಈ ಡಬ್ಬಿಯೊಳಗೆ ತುರುಕಿ, ಫೋನಿನಿಂದ ಅಳಿಸಿ ಕೈತೊಳೆದುಕೊಂಡವರು ಅವರೇ. ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಅದು ಬೇರೆಯೇ ಲೇಖನವಾಗುತ್ತಿತ್ತು.

ಡಿಸ್ಕ್ ಯಾಕೆ ಕೆಟ್ಟಿತೆಂಬುದು ನನಗೆ ಗೊತ್ತು. ಹೇಳುವ ಹಾಗಿಲ್ಲ. ಕೆಡಿಸಿದವರು ಮಾವನವರು.

ಮಾವನವರು ಕರೆಂಟ್ ಆಫೀಸಿನಲ್ಲಿ ಮೂವತ್ತು ವರ್ಷ ಮೀಟರ್ ರೀಡಿಂಗ್ ಬರೆದು ನಿವೃತ್ತರಾದವರು. ಕೊಪ್ಪಳದ ಎಷ್ಟೋ ಮನೆಗಳನ್ನು ಅವರು ಗುರುತಿಸುವುದು ಯೂನಿಟ್ ಮೇಲೆ. ಸುಮ್ಮನೆ ಉರಿಯುವ ದೀಪ ಕಂಡರೆ ಅವರಿಗೆ ಕೈ ತಡೆಯದು. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿ ಅವರದೊಂದು ಸುತ್ತು. ಟಿವಿಯ ಕೆಂಪು ಚುಕ್ಕಿ, ಚಾರ್ಜರಿನ ಹಸಿರು ಚುಕ್ಕಿ, ಕೊನೆಗೆ ನನ್ನ ಹಾರ್ಡ್ ಡಿಸ್ಕಿನ ಮಿಣುಕು ದೀಪ. ಪಟಕ್ಕನೆ ವೈರ್ ಕಿತ್ತು, ಸುತ್ತಿ, ಕಪಾಟಿನಲ್ಲಿಟ್ಟು ಬಿಡುತ್ತಾರೆ. ಸುತ್ತುವುದು ಮಾತ್ರ ಬಹಳ ಚೆಂದ.

ಒಮ್ಮೆ ಧೈರ್ಯ ಮಾಡಿ ಹೇಳಿದೆ. “ಮಾವಾರ, ಹಂಗ ಕೀಳಬಾರದ್ರಿ. ಒಳಗ ತಟ್ಟಿ ನಿಮಿಷಕ್ಕ 5,400 ಸುತ್ತು ತಿರುಗತಿರತೈತಿ. ಕೂದಲಿಗಿಂತ ಸಣ್ಣ ಸಂದಿನಾಗ ಅದರ ಮ್ಯಾಲೆ ಓದೋ ಹೆಡ್ ಆಡತಿರತೈತಿ.”

ಹೇಳಿದ್ದೇ ತಪ್ಪಾಯಿತು. “5,400 ಸುತ್ತು? ಹಂಗಾದ್ರ ಎಷ್ಟು ಕರೆಂಟ್ ತಿನ್ನಬೇಕವ್ವಾ ಅದು!” ಎಂದು ಕನ್ನಡಕ ಏರಿಸಿದರು. ಎರಡೂವರೆ ವ್ಯಾಟ್ ಇರಬಹುದೆಂದೆ. ಕ್ಯಾಲೆಂಡರಿನ ಹಿಂಬದಿ ಲೆಕ್ಕ ಶುರುವಾಯಿತು. 400 ತಾಸಿಗೆ ಒಂದು ಯೂನಿಟ್, ಅಂದರೆ ಹದಿನಾರು ದಿನ, ಹದಿನಾರು ತಾಸು. ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲಿನಲ್ಲಿ ಕಟ್ಟಬೇಕಾದದ್ದು ಸೊನ್ನೆ ಎಂದು ನೆನಪಿಸಿದೆ. “ಸೊನ್ನಿ ಬರೋದು ಸರಾಸರಿ ಮ್ಯಾಲೆ ಶೇಕಡಾ ಹತ್ತರ ಒಳಗ ಇದ್ದಾಗ. ಆ ಹತ್ತು ಕಾಯೋರು ಯಾರು?” ಎಂದರು. ನಾನು ಒಗ್ಗರಣೆ ಹೊತ್ತಿತೆಂದು ಒಳಗೆ ಹೋದೆ.

ಆದರೂ ಮಾತಿಗೆ ಬೆಲೆ ಕೊಡುವ ಮನುಷ್ಯ. ಬರೆಯುತ್ತಿರುವಾಗ ಕೈಯಿಂದ ಪೆನ್ನು ಕಿತ್ತ ಹಾಗಾಗುತ್ತದೆ, ಮೊದಲು ಕಂಪ್ಯೂಟರಿನ ಅಪ್ಪಣೆ ಪಡೆಯಬೇಕು ಎಂದಮೇಲೆ, ಅವರು ವೈರಿಗೆ ಕೈಹಚ್ಚಿ ನಿಂತು ನಡುಮನೆಯಿಂದಲೇ ಕೂಗತೊಡಗಿದರು: “ಬರದಾತೇನ?” ನಾನು ಅಡುಗೆಮನೆಯಿಂದ ಓಡಿ ಬಂದು ‘ಎಜೆಕ್ಟ್’ ಒತ್ತಬೇಕು. ಕಂಪ್ಯೂಟರಿನದು ಒಂದೇ ಉತ್ತರ: ‘ಈ ಸಾಧನ ಬಳಕೆಯಲ್ಲಿದೆ.’ ಎಲ್ಲ ಕಿಟಕಿ ಮುಚ್ಚಿದರೂ ಬಳಕೆಯಲ್ಲಿದೆ.

“ಯಾರು ಬಳಸ್ಯಾರ? ಮನಿಯಾಗ ಇರೋದು ನಾವಿಬ್ಬರ!”

“ಗೊತ್ತಿಲ್ರಿ ಮಾವಾರ.”

“ನಿನಗ ಗೊತ್ತಿಲ್ಲ, ನನಗ ಗೊತ್ತಿಲ್ಲ, ಅದಕ್ಕ ಗೊತ್ತಿಲ್ಲ.” ಪಟಕ್! ಆರು ತಿಂಗಳು ದಿನಾ ಹೀಗೇ.

ನಮ್ಮೂರ ಗವಿಮಠದ ಗುಡ್ಡದಲ್ಲಿ ಅಶೋಕ ಬರೆಸಿದ ಶಾಸನ 2,200 ವರ್ಷ ದಾಟಿಯೂ ಇದೆ. ಯಾಕಿದೆ ಎಂದರೆ ಬಂಡೆಗೆ ವೈರ್ ಇರಲಿಲ್ಲ. ಮಿಣುಕು ದೀಪವೂ ಇರಲಿಲ್ಲ.

ಮರುದಿನ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಹುಡುಗ ಕಿವಿಗೆ ಹಿಡಿದು, “ಟಿಕ್ ಟಿಕ್ ಅನ್ನಾಕತೈತ್ರಿ ಮೇಡಂ, ಬ್ಯಾಡ್ ಸೆಕ್ಟರ್ ಬಂದಾವು, ತಟ್ಟಿ ಅಲ್ಲಲ್ಲಿ ಓದಾಕ ಬರಂಗಿಲ್ಲ” ಎಂದ. ಬೇರೆ ವೈರ್ ಹಾಕಿದ, ಪುಣ್ಯಕ್ಕೆ ತೆರೆಯಿತು. “ರಿಪೇರಿ ಗಿಪೇರಿ ಒತ್ತಬ್ಯಾಡ್ರಿ. ಮೊದಲ ಕಾಪಿ ಮಾಡ್ಕೊಳ್ರಿ, ಬೇಕಾದ್ದು ಮೊದಲು.” ಹೊಸದೊಂದನ್ನು ಕೊಟ್ಟ. ಒಂದು ಟೆರಾಬೈಟ್ ಎಂದು ಬರೆದದ್ದು, ಕಂಪ್ಯೂಟರಿನಲ್ಲಿ 931 ಜಿಬಿ ತೋರಿಸುತ್ತದೆ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1,024ರ ಲೆಕ್ಕ. ಮಾವನವರಿಗೆ ಹೇಳಲಿಲ್ಲ. ಮೀಟರಿನಲ್ಲಿ ಮೋಸ ಅಂದರೆ ಅವರು ಸುಮ್ಮನಿರುವವರಲ್ಲ.

ರಾತ್ರಿ ಕಾಪಿಗೆ ಕೂತೆ. ‘ಇನ್ನು 5 ನಿಮಿಷ’ ಎಂದಿತು. ಆಮೇಲೆ ‘1 ದಿನ’. ಮತ್ತೆ ‘40 ನಿಮಿಷ’. ಕುಷ್ಟಗಿ ಬಸ್ಸು ಎಷ್ಟೊತ್ತಿಗೆ ಎಂದು ಸ್ಟ್ಯಾಂಡಿನಲ್ಲಿ ಕೇಳಿದರೂ ಹೀಗೇ ಹೇಳುತ್ತಾರೆ. ಒಂಬತ್ತಕ್ಕೆ ಮಾವನವರು ಸುತ್ತಿಗೆ ಬಂದರು. ಮಿಣುಕುವುದು ಈಗ ಎರಡು ದೀಪ! ಕೈ ಮುಂದೆ ಬಂತು. ನಾನು ಮೊದಲ ಸಲ ದನಿ ಏರಿಸಿದೆ: “ಮುಟ್ಟಬ್ಯಾಡ್ರಿ! ಅತ್ತಿಯವರ ವಿಡಿಯೋ ಐತಿ ಅದರಾಗ.”

ಕೈ ಹಿಂದೆ ಹೋಯಿತು. ಸ್ಟೂಲ್ ಎಳೆದುಕೊಂಡು ಕೂತರು. ಹನ್ನೊಂದೂವರೆಗೆ ಆ ಫೈಲು ಈಚೆ ಬಂತು.

2016ರ ಗವಿಸಿದ್ಧೇಶ್ವರ ಜಾತ್ರೆಯ ಮುಂಚಿನ ಸಂಜೆ. ದಾಸೋಹಕ್ಕೆ ಕಳಿಸಲು ಅತ್ತೆಯವರು ರೊಟ್ಟಿ ಬಡಿಯುತ್ತಿದ್ದಾರೆ. “ನನ್ನ ಯಾಕ ಹಿಡಿತಿಯೋ, ರೊಟ್ಟಿ ಹಿಡಿ” ಎಂದು ಮಗನನ್ನು ಗದರಿಸಿ ನಗುತ್ತಾರೆ. ಹಣೆಯ ಮೇಲೆ ಹಿಟ್ಟು. ಅಷ್ಟರಲ್ಲಿ ‘ಟಕ್’ ಎಂದು ಸ್ವಿಚ್ಚಿನ ಸದ್ದು. ಪೂರ್ತಿ ಕತ್ತಲೆ. ಉಳಿದ ನಾಲ್ಕು ನಿಮಿಷ ಒಲೆಯ ಕೆಂಪು ಬಿಟ್ಟರೆ ಏನೂ ಇಲ್ಲ. ರೊಟ್ಟಿ ಬಡಿಯುವ ಪಟಪಟ ಸಪ್ಪಳವಷ್ಟೇ ಕೇಳುತ್ತದೆ.

ಮಾವನವರು ಪರದೆಗೆ ಮುಖ ಹಚ್ಚಿ ಕೊನೆಯವರೆಗೂ ಕೂತಿದ್ದರು. ವಿಡಿಯೋ ಮುಗಿದ ಮೇಲೂ ಕೂತಿದ್ದರು. ಕೊನೆಗೆ ಸಿಟ್ಟಿನಿಂದಲೇ ಕೇಳಿದರು:

“ಅಲ್ಲವ್ವಾ, ಆ ಲೈಟ್ ಆರಿಸಿದ ಮಂಗ್ಯಾ ಯಾರು?”