ಮನೆಯಲ್ಲಿ ಮಲಗಿದವರು ಯಾವ ಲೆಕ್ಕಕ್ಕೂ ಇಲ್ಲ

"ಇನ್ನು ಇಲ್ಲಿ ಮಾಡೋದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ" ಅಂದರು ಡಾಕ್ಟರು. ತಲೆ ಆಡಿಸಿ ಬಂದುಬಿಟ್ಟೆವು. ಹೇಗೆ ನೋಡಿಕೊಳ್ಳೋದು ಅಂತ ಕೇಳಬೇಕು ಅಂತಲೇ ಹೊಳೆಯಲಿಲ್ಲ. ಅಪ್ಪನಿಗೆ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸೋಣ ಅಂತ ಮುಟ್ಟಿದರೆ ಸಾಕು, ಕಿರುಚುತ್ತಿದ್ದರು.

ಆ ನೋವಿಗೆ ಮಾರ್ಫಿನ್ ಬೇಕು, ಅಫೀಮಿನಿಂದ ಮಾಡುವ ಬಲವಾದ ನೋವಿನ ಔಷಧ. ಮಾತ್ರೆ ದುಬಾರಿ ಏನಲ್ಲ, ಸಿಗುವುದೇ ಕಷ್ಟ. 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದರ ಸಹವಾಸವೇ ಬೇಡ ಅಂತ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿ ಆಯಿತು, ಹಲವು ಲೈಸೆನ್ಸ್‌ಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಒಂದಿದ್ದರೆ ಆಸ್ಪತ್ರೆ ಇಟ್ಟುಕೊಳ್ಳಬಹುದು. ಕಾನೂನು ಸಡಿಲ ಆಯಿತು, ಹೆದರಿಕೆ ಹಾಗೇ ಉಳಿಯಿತು. ನಮ್ಮೂರ ಮೆಡಿಕಲ್ ಶಾಪಿನವನು ಚೀಟಿ ನೋಡಿ, "ಅಯ್ಯೋ, ಇದೆಲ್ಲ ನಾವು ಇಡಲ್ಲ ಸಾರ್" ಅಂತ ಕೈ ಸುಟ್ಟುಕೊಂಡವನ ಹಾಗೆ ವಾಪಸ್ ಕೊಟ್ಟ. ಆಮೇಲೆ ಎರಡು ವಾರಕ್ಕೊಮ್ಮೆ ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕ್ಯೂ ನಿಂತು, ಮಾತ್ರೆ ತಗೊಂಡು ರಾತ್ರಿ ವಾಪಸ್. ನನಗೆ ರಜೆ ಸಿಗದ ಒಂದು ವಾರ ಮಾತ್ರೆ ಮುಗಿದುಹೋಯಿತು. ಆ ಮೂರು ರಾತ್ರಿಗಳ ಬಗ್ಗೆ ಬರೆಯಲ್ಲ.

ದುಡ್ಡಿನ ಕಥೆ ಇನ್ನೊಂದು. ಆಯುಷ್ಮಾನ್ ಕಾರ್ಡ್ ಇರುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ನನ್ನ ಕಂಪನಿಯ ಇನ್ಶೂರೆನ್ಸ್‌ನವರು ಫೋನಿನಲ್ಲಿ ಕೇಳಿದ್ದು ಒಂದೇ, "24 ಗಂಟೆ ಅಡ್ಮಿಟ್ ಆಗಿದ್ರಾ?" ಇಲ್ಲ ಸ್ವಾಮಿ, ಆಸ್ಪತ್ರೆಯವರೇ ಬೇಡ ಅಂದಿದ್ದಾರೆ! ಡೈಪರ್, ಮೂತ್ರಕ್ಕೆ ಹಾಕುವ ನಳಿಕೆ ಅಂದರೆ ಕ್ಯಾತಿಟರ್, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್, ಹೋಮ್ ನರ್ಸ್ ಸಂಬಳ, ಎಲ್ಲ ಕೈಯಿಂದಲೇ. ನರ್ಸ್ ಅಂದೆ, ಆ ಹುಡುಗಿಗೆ ಕ್ಯಾತಿಟರ್ ಬದಲಿಸಲು ಬರುತ್ತಿರಲಿಲ್ಲ. ಅವಳ ತಪ್ಪಲ್ಲ, ಯಾರೂ ಕಲಿಸಿರಲಿಲ್ಲ. ಅಮ್ಮನೇ ನೋಡಿ ನೋಡಿ ಡ್ರೆಸ್ಸಿಂಗ್ ಕಲಿತರು.

ಇಂಥ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳೋದಕ್ಕೆ ಅಂತ ಕೇರಳ ಸರ್ಕಾರ 2008ರಲ್ಲೇ ಒಂದು ನೀತಿ ಮಾಡಿತು. ಅಲ್ಲಿ ಪಂಚಾಯಿತಿ ದುಡ್ಡು ಇಡುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ನರ್ಸ್ ಗಾಡಿಯಲ್ಲಿ ಮನೆಗೇ ಬಂದು ಹುಣ್ಣು ತೊಳೆದು, ಕ್ಯಾತಿಟರ್ ಬದಲಿಸಿ ಹೋಗುತ್ತಾರೆ. ಅಲ್ಲೂ ಕೊರತೆ ಇಲ್ಲದೆ ಇಲ್ಲ, ಆದರೆ ನರ್ಸ್ ಬರುತ್ತಾರೆ ಅಲ್ವಾ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲೇ ಇಟ್ಟುಕೊಂಡು ಒಂದು ಪೈಸೆ ತಗೊಳ್ಳದೆ ನೋಡಿಕೊಳ್ಳುತ್ತಿದೆ. ಕೈ ಮುಗಿಯಬೇಕು. ಆದರೆ ಅಪ್ಪನಿಗೆ ಸಾಯಬೇಕು ಅಂತ ಇದ್ದದ್ದು ತಮ್ಮ ಮನೆಯಲ್ಲಿ, ತೆಂಗಿನ ಮರ ಕಾಣುವ ಆ ಕೋಣೆಯಲ್ಲಿ.

2025ರ ಜನವರಿಯಲ್ಲಿ ನಮ್ಮ ಸರ್ಕಾರ ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿದಾಗ ಎಲ್ಲರೂ ಶೇರ್ ಮಾಡಿದರು, ನಾನೂ ಮಾಡಿದೆ. ಒಳ್ಳೆಯದೇ. ಆದರೆ ಅದು ವೆಂಟಿಲೇಟರ್‌ನಂಥ ಯಂತ್ರ ತೆಗೆಯುವ ಮಾತು. ಅಪ್ಪನಿಗೆ ತೆಗೆಯಲು ಯಾವ ಯಂತ್ರವೂ ಇರಲಿಲ್ಲ. ಬೇಕಾಗಿದ್ದದ್ದು ನಾಲ್ಕು ಗಂಟೆಗೊಂದು ಮಾತ್ರೆ. ಆ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿ, ವಾರಕ್ಕೊಮ್ಮೆ ಒಬ್ಬ ನರ್ಸ್ ಮನೆಗೆ ಬರಲಿ. ಇಷ್ಟೇ ನಾನು ಕೇಳುತ್ತಿರುವುದು.

ಮೊನ್ನೆ ಪಕ್ಕದ ಬೀದಿಯ ಅಕ್ಕ ಒಬ್ಬರು ಅವರ ಯಜಮಾನರ ಚೀಟಿ ಹಿಡಿದು ಬಂದಿದ್ದರು. "ನಿಮ್ಮಪ್ಪನಿಗೆ ಈ ಮಾತ್ರೆ ಎಲ್ಲಿಂದ ತರ್ತಿದ್ರಿ?" ಅಂತ. ಚೀಟಿಯ ಹಿಂದೆ ರೈಲಿನ ಟೈಮ್ ಬರೆದುಕೊಟ್ಟೆ.