ಸುಣ್ಣ ಬಳಿದರೆ ಬಿರುಕು ಸುಮ್ಮನಾಗುತ್ತದಾ?

ಇವತ್ತು ಬೆಳಿಗ್ಗೆ ಕುಂಬಳೆಗೆ ಹೋಗುವಾಗ ನಮ್ಮ ತೋಡಿನ ಸಂಕದ (ಸಣ್ಣ ಸೇತುವೆಯ) ಹತ್ತಿರ ಬೈಕ್ ನಿಲ್ಲಿಸಿದೆ. ಮಳೆಗಾಲದಿಂದ ತೊಲೆಯ ಅಡಿಯಲ್ಲಿ ಒಂದು ಬಿರುಕಿತ್ತು. ಈಗ ಕಾಣುವುದಿಲ್ಲ. ಸಿಮೆಂಟ್ ಮೆತ್ತಿ ಮೇಲೆ ಸುಣ್ಣ ಬಳಿದಿದ್ದಾರೆ. ಕೆಲಸ ಮಾಡಿಸಿದವರು ಅಲ್ಲೇ ಇದ್ದರು. "ಈಗ ಎಲ್ಲಿ ಉಂಟು ನಿಮ್ಮ ಬಿರುಕು?" ಎಂದು ನಕ್ಕರು. ಒಳಗೇ ಉಂಟು ಮಾರಾಯ್ರೆ, ಎಲ್ಲಿಗೆ ಹೋಗುತ್ತದೆ?

ನಾನು ಬಿರುಕಿನ ಸದ್ದು ಕೇಳುವ ಸೆನ್ಸರ್ ಮಾಡುವವ ಅಂತ ನಿಮಗೆಲ್ಲ ಗೊತ್ತೇ ಇದೆ. (ಭಾವ ಮದುವೆ ಮನೆಗಳಲ್ಲಿ "ಇವ ಗೋಡೆಯ ಡಾಕ್ಟ್ರು" ಅಂತ ಪರಿಚಯ ಮಾಡಿಸುತ್ತಾನೆ.) ಕಾಂಕ್ರೀಟಿನೊಳಗೆ ಬಿರುಕು ಕೂದಲೆಳೆಯಷ್ಟು ಮುಂದೆ ಹೋದರೂ ಸಣ್ಣ ಅಲೆ ಹೊರಡುತ್ತದೆ, ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ವೇಗದಲ್ಲಿ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನಕ್ಕೇ, ಸೋಲುತ್ತದೆ. ಗ್ರೀಸ್ ಹಚ್ಚಿ ಕೂರಿಸಿದ ಪೀಜೋ ಬಿಲ್ಲೆ (ಕಂಪನವನ್ನು ವಿದ್ಯುತ್ತಾಗಿಸುವ ಸೆನ್ಸರ್) ಅದರಾಚೆಯದನ್ನೂ ಹಿಡಿಯುತ್ತದೆ. ನಾಲ್ಕೈದು ಕಡೆ ಕೂರಿಸಿದರೆ, ಯಾವುದಕ್ಕೆ ಮೊದಲು ಸದ್ದು ತಲುಪಿತು ಅನ್ನುವ ಲೆಕ್ಕದಲ್ಲಿ ಬಿರುಕಿನ ಜಾಗವೂ ಸಿಗುತ್ತದೆ.

ಆದರೆ ಉಕ್ಕಿನ ಟ್ಯಾಂಕಿಗೆ ಮಾಡಿದ 150 ಕಿಲೋಹರ್ಟ್ಸ್‌ನ ಬಿಲ್ಲೆ ಇಲ್ಲಿ ನಡೆಯುವುದಿಲ್ಲ. ಜಲ್ಲಿಗೆ ತಾಗಿ ತಾಗಿ ಆ ಸದ್ದು ಸ್ವಲ್ಪ ದೂರದಲ್ಲೇ ಸಾಯುತ್ತದೆ. 60ರ ಆಸುಪಾಸಿಗೆ ಇಳಿಯಬೇಕು. ಇಳಿದರೆ ಲಾರಿಯ ಗಡಗಡವೂ ಜಾಸ್ತಿ ಒಳಗೆ ನುಗ್ಗುತ್ತದೆ. ನನ್ನ ತಲೆಕೂದಲು ಹೋದದ್ದು ಇದರಲ್ಲೇ. ಬಿಲ್ಲೆ ಸರಿ ಕೂತಿತಾ ಅಂತ ನೋಡಲು ಮಾತ್ರ ದೊಡ್ಡ ಯಂತ್ರ ಬೇಡ. 0.5 ಮಿಲಿಮೀಟರಿನ ಪೆನ್ಸಿಲ್ ಕಡ್ಡಿಯನ್ನು ಪಕ್ಕದಲ್ಲಿ ಒತ್ತಿ ಲಟಕ್ಕನೆ ಮುರಿದು, ಆ ಸದ್ದು ಬಿಲ್ಲೆಗೆ ಕೇಳಿತಾ ಅಂತ ನೋಡಿದರೆ ಆಯಿತು.

1950ರಲ್ಲಿ ಜರ್ಮನಿಯ ಯೋಸೆಫ್ ಕೈಸರ್ ಒಂದು ವಿಷಯ ತೋರಿಸಿದ. ಲೋಹ ಒಮ್ಮೆ ಹೊತ್ತಷ್ಟೇ ಭಾರವನ್ನು ಮತ್ತೆ ಹೊರಿಸಿದರೆ ಅದು ಸದ್ದು ಮಾಡುವುದಿಲ್ಲ, ಮೀರಿದಾಗ ಮಾತ್ರ ಮಾಡುತ್ತದೆ. ಹಾಗಾಗಿ ಹಳೇ ಭಾರಕ್ಕೇ ಕಿರುಗುಟ್ಟುವ ತೊಲೆ ಸಿಕ್ಕಿದರೆ ನಮಗೆ ಹೆದರಿಕೆ. ಸುಣ್ಣ ಬಳಿದವರಿಗೆ ಯಾವ ಹೆದರಿಕೆಯೂ ಇಲ್ಲ!

"ಒಂದು ಸಂಕಕ್ಕೆ ಇಷ್ಟೆಲ್ಲ ದುಡ್ಡು ಎಲ್ಲಿಂದ?" ಅನ್ನುತ್ತೀರಿ. ಅದೂ ಹೌದು. ಆದರೆ ವರ್ಷವಿಡೀ ಯಂತ್ರ ಇಡಿ ಅಂತ ನಾನು ಹೇಳಿದ್ದು ಯಾವಾಗ? ಎರಡು ದಿನ ಕೂರಿಸಿ, ಎರಡು ಲಾರಿ ಓಡಿಸಿ, ಕೇಳಿ. ಅದೂ ಬೇಡವಾದರೆ ಸುತ್ತಿಗೆಯಲ್ಲಿ ತಟ್ಟಿಯಾದರೂ ನೋಡಿ. ಅಜ್ಜಿ ಸಂತೆಯಲ್ಲಿ ಮಡಕೆಯನ್ನು ತಟ್ಟದೆ ತಂದದ್ದು ನಾನು ನೋಡಿಲ್ಲ. ಸುಣ್ಣಕ್ಕೆ ಮಾತ್ರ ಮೂರು ಸಲ ದುಡ್ಡು ಸಿಕ್ಕಿತು, ಅಲ್ವಾ?

ನಾನೇನು ಸಾಚಾ ಅಲ್ಲ. ಕಳೆದ ಜೂನಿನಲ್ಲಿ ಒಂದೇ ರಾತ್ರಿ ಸಾವಿರಾರು ಸಿಗ್ನಲ್ ಬಂದವು. ನಾಲ್ಕು ಗಂಟೆಗೆ ಟಾರ್ಚ್ ಹಿಡಿದು ಓಡಿದೆ. ನೋಡಿದರೆ ಮಳೆಹನಿ! ಇನ್ನೊಂದು ವಿಷಯ. ನಮ್ಮ ಹಿತ್ತಿಲ ಬಾಗಿಲ ಸನ್‌ಶೇಡ್‌ನಲ್ಲಿ ಕಡಲ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ. ತಂಗಿಯ ಮದುವೆಗೆ ಅಂತ ಸುಮ್ನೆ ಬಣ್ಣ ಬಳಿಸಿದವನು ನಾನೇ. ಒಂದು ಬಿಲ್ಲೆಯನ್ನೂ ಅಂಟಿಸಿಲ್ಲ. ಅಮ್ಮ ಮಾತ್ರ ಏನೂ ಹೇಳದೆ ಅದರ ಕೆಳಗೆ ಬಟ್ಟೆ ಒಣಗಿಸುವುದನ್ನು ಬಿಟ್ಟಿದ್ದಾರೆ.