ಅರ್ಧ ಹತ್ತು

ಓದಲು ಜರ್ಮನಿಯ ಟ್ಯೂಬಿಂಗನ್ನಿಗೆ ಬಂದ ಎರಡನೇ ದಿನವೇ ನಾನು ಮುಕ್ಕಾಲು ಗಂಟೆ ತಡವಾಗಿ ಹೋಗಿ, ಎಷ್ಟು ಬೇಗ ಬಂದುಬಿಟ್ಟೆ ಅಂತ ಹೆಮ್ಮೆಪಟ್ಟುಕೊಂಡು ನಿಂತಿದ್ದೆ. ಹಾಸ್ಟೆಲಿನ ಕೀಲಿ ಕೊಡುವವರು ಫೋನಿನಲ್ಲಿ 'ಹಾಲ್ಬ್ ತ್ಸೇನ್' ಅಂದಿದ್ದರು. ಹಾಲ್ಬ್ ಅಂದರೆ ಅರ್ಧ, ತ್ಸೇನ್ ಅಂದರೆ ಹತ್ತು. ಬೆಂಗಳೂರಿನಲ್ಲಿ ಆರು ತಿಂಗಳು ದುಡ್ಡು ಕೊಟ್ಟು ಕಲಿತ ಜರ್ಮನ್ ಅಷ್ಟಕ್ಕೆ ಸಾಕಿತ್ತು. ಹತ್ತೂವರೆ ತಾನೇ, ಜರ್ಮನ್ನರು ಬೇರೆ, ಒಂದು ಕಾಲು ಗಂಟೆ ಮೊದಲೇ ಇರೋಣ ಅಂತ ಹತ್ತೂಕಾಲಿಗೆ ಹೋದೆ. ಆ ಹಿರಿಯರು ಬೈಯಲಿಲ್ಲ. ಸುಮ್ನೆ ತಮ್ಮ ಕೈಗಡಿಯಾರ ನನ್ನ ಮುಖದ ಮುಂದೆ ಹಿಡಿದರು.

'ಅರ್ಧ ಹತ್ತು' ಅಂದರೆ ಒಂಬತ್ತೂವರೆಯಂತೆ. ಹತ್ತನೇ ಗಂಟೆ ಅರ್ಧ ಆಗಿದೆ ಅಂತ ಲೆಕ್ಕ. ಇದಾದರೂ ಇಡೀ ಜರ್ಮನಿಯಲ್ಲಿದೆ. ಟ್ಯೂಬಿಂಗನ್ ಇರುವ ಈ ಸ್ವಾಬಿಯಾ ಕಡೆಯವರು ಅಷ್ಟಕ್ಕೇ ಬಿಡುವುದಿಲ್ಲ. ಇವರಿಗೆ ಹತ್ತೂಕಾಲು ಅಂದರೆ 'ಕಾಲು ಹನ್ನೊಂದು', ಹತ್ತೂಮುಕ್ಕಾಲು ಅಂದರೆ 'ಮುಕ್ಕಾಲು ಹನ್ನೊಂದು'. ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು, ನಮ್ಮಜ್ಜಿ ವಯಸ್ಸು ಹೇಳುವುದು ಹೀಗೇ ಅಲ್ವಾ! 'ಅವನಿಗೆ ಇಪ್ಪತ್ತೆರಡು ತುಂಬಿ ಇಪ್ಪತ್ಮೂರು ನಡೀತಿದೆ' ಅಂತ. ನಾವು ವಯಸ್ಸನ್ನು ಎಣಿಸುವ ಹಾಗೆ ಇವರು ಗಂಟೆಯನ್ನು ಎಣಿಸುತ್ತಾರೆ, ಅಷ್ಟೇ. ಅದಾದ ಮೇಲೆ ಸಲೀಸಾಯಿತು.

ನಮ್ಮ ಕಿಟೆಲ್ ಕೊನೆಯ ವರ್ಷಗಳಲ್ಲಿ ಇದ್ದದ್ದು, 1903ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ. 1894ರಲ್ಲಿ ಅಚ್ಚಾದ ಅಷ್ಟು ದಪ್ಪದ ಕನ್ನಡ ನಿಘಂಟು ಮಾಡಿದವರು, ಹತ್ತೂಕಾಲು, ಹತ್ತೂವರೆ ಎಲ್ಲ ಕೇಳಿ ಪಳಗಿದ ಕಿವಿ. ಅವರು ಹುಟ್ಟಿದ್ದು ಉತ್ತರದ ಸಮುದ್ರದ ಕಡೆ, ಅಲ್ಲಿಯವರು ಕಾಲು ಗಂಟೆಯನ್ನು ನಮ್ಮ ಹಾಗೇ ಹತ್ತರ ಮೇಲೆ ಸೇರಿಸುತ್ತಾರೆ. ಪಾಪ, ಅವರೂ ಇಲ್ಲಿ ಯಾರದೋ ಮನೆಗೆ ಒಂದು ಗಂಟೆ ತಡವಾಗಿ ಹೋಗಿ ನಿಂತಿದ್ದಿರಬಹುದು ಅಂತ ಅಂದುಕೊಂಡರೆ ನನಗೆ ಒಂಥರಾ ಸಮಾಧಾನ.

ಅಕ್ಟೋಬರ್ ಮಧ್ಯದಲ್ಲಿ ಕ್ಲಾಸು ಶುರು. ವೇಳಾಪಟ್ಟಿಯಲ್ಲಿ '10 ಸಿ.ಟಿ.' ಅಂತಿತ್ತು. ನಾಲ್ಕು ವರ್ಷ ನಮ್ಮ ಕಡೆ ಕಾಲೇಜಿನಲ್ಲಿ ಓದಿದವನಿಗೆ ಸಿ.ಟಿ. ಅಂದರೆ ಒಂದೇ ಅರ್ಥ, ಕ್ಲಾಸ್ ಟೆಸ್ಟ್. ಮೊದಲನೇ ದಿನವೇ ಟೆಸ್ಟ್ ಇಡುತ್ತಾರಲ್ಲ, 1477ರ ಯೂನಿವರ್ಸಿಟಿ ಅಂದರೆ ಸುಮ್ನೆ ಅಲ್ಲ ಅಂದುಕೊಂಡು ರಾತ್ರಿ ಎರಡರ ತನಕ ಓದಿದೆ. ಬೆಳಗ್ಗೆ ಗುಡ್ಡದ ಮೇಲಿನ ಕ್ಯಾಂಪಸ್ಸಿಗೆ ಓಡೋಡಿ ಹೋಗಿ ಹತ್ತಕ್ಕೆ ಐದು ನಿಮಿಷ ಇರುವಾಗ ಹಾಲಿನೊಳಗೆ ಕೂತೆ. ನರಪಿಳ್ಳೆ ಇಲ್ಲ. ಹತ್ತಾಯಿತು. ಹತ್ತೂ ಐದು. ನಮ್ಮಂಥ ಹೊರಗಿನವರಿಗೆ ಈ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಫೀಸು, ಇಲ್ಲಿಯವರಿಗೆ ಅದಿಲ್ಲ. ಖಾಲಿ ಬೆಂಚುಗಳ ನಡುವೆ ಕೂತು ನಿಮಿಷಕ್ಕೆ ಎಷ್ಟು ಬಿತ್ತು ಅಂತ ಭಾಗಾಕಾರ ಮಾಡುತ್ತಿದ್ದೆ. ಹತ್ತೂ ಹನ್ನೆರಡಕ್ಕೆ ಒಬ್ಬಳು ಕಾಫಿ ಹಿಡಿದು ಬಂದಳು, ಹಿಂದೆಯೇ ಗುಂಪು. ಸರಿಯಾಗಿ ಹತ್ತೂಕಾಲಿಗೆ ಪ್ರೊಫೆಸರ್.

ಸಿ.ಟಿ. ಅಂದರೆ ಲ್ಯಾಟಿನ್ನಿನ 'ಕುಮ್ ಟೆಂಪೋರೆ', ಸಮಯದ ಜೊತೆಗೆ ಅಂತ ಅರ್ಥ. ಬರೆದ ಗಂಟೆಗಿಂತ ಹದಿನೈದು ನಿಮಿಷ ತಡವಾಗಿ ಶುರು. ಎಸ್.ಟಿ. ಅಂತಿದ್ದರೆ ಮಾತ್ರ ಹೇಳಿದ ಹೊತ್ತಿಗೇ. ಹಿಂದೆ ಇಗರ್ಜಿಯ ಗಂಟೆ ಬಾರಿಸಿದ ಮೇಲೆ ಹುಡುಗರು ಹೊರಟು ಪಾಠಕ್ಕೆ ಬಂದು ತಲುಪಲು ಅಷ್ಟು ಹೊತ್ತು ಬೇಕಿತ್ತು ಅಂತ ಕಥೆ ಹೇಳುತ್ತಾರೆ. ನಮ್ಮೂರಲ್ಲಿ ಮದುವೆಗೆ ತಡವಾಗಿ ಹೋದರೆ 'ಇಂಡಿಯನ್ ಟೈಮ್' ಅಂತ ನಾವೇ ನಕ್ಕುಬಿಡುತ್ತೇವೆ. ಇವರು ಅದಕ್ಕೇ ಲ್ಯಾಟಿನ್ ಹೆಸರಿಟ್ಟು ವೇಳಾಪಟ್ಟಿಯಲ್ಲಿ ಅಚ್ಚು ಹಾಕಿಸಿದ್ದಾರೆ! ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕು ಕುಟ್ಟತೊಡಗಿದರು. ತಡವಾಗಿ ಬಂದದ್ದಕ್ಕೆ ಗಲಾಟೆ ಇರಬೇಕು ಅಂದುಕೊಂಡೆ. ಅದು ಚಪ್ಪಾಳೆಯಂತೆ.

ಹೇಗೋ ಇದಕ್ಕೆಲ್ಲ ಹೊಂದಿಕೊಂಡೆ ಅನ್ನುವಷ್ಟರಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಬಂತು. ರಾತ್ರಿ ಮೂರು ಗಂಟೆಗೆ ಇಡೀ ದೇಶದ ಗಡಿಯಾರ ಎರಡಕ್ಕೆ ಹಿಂದೆ ಹೋಯಿತು. ಅಮ್ಮನಿಗೂ ನನಗೂ ಮೂರೂವರೆ ಗಂಟೆಯ ಅಂತರ ಇದ್ದದ್ದು ನಾಲ್ಕೂವರೆ ಆಯಿತು. ಅಡುಗೆಮನೆ ಕೆಲಸ ಮುಗಿಸಿ ಹತ್ತಕ್ಕೆ ಫೋನ್ ಮಾಡುವುದು ಅವಳ ಅಭ್ಯಾಸ. ಇಲ್ಲಿ ಐದೂವರೆ, ಹೊರಗೆ ಗವ್ವೆನ್ನುವ ಕತ್ತಲು.

'ಏನೋ, ಇನ್ನೂ ಎದ್ದಿಲ್ವಾ?'

'ಅಮ್ಮಾ, ನಿನ್ನೆ ರಾತ್ರಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟರು.'

'ಯಾರು?'

'ಸರ್ಕಾರದವರು. ಮಾರ್ಚಲ್ಲಿ ಮತ್ತೆ ಮುಂದಕ್ಕೆ ಇಡ್ತಾರೆ.'

ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು.

'ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ತಾರಾ? ಒಳ್ಳೆ ಜನ. ಸರಿ, ಇನ್ನೊಂದು ಹದಿನೈದು ನಿಮಿಷ ಮಲಕ್ಕೋ, ಆಮೇಲೆ ಮಾಡ್ತೀನಿ' ಅಂದು ಫೋನ್ ಇಟ್ಟಳು.